ದಿವಂಗತ ಶ್ರೀ ಡಿ. ದೇವರಾಜ ಅರಸು (1915-1982): ಜೀವನ ಮತ್ತು ಸಾಧನೆ

ಕರ್ನಾಟಕದ ಮಾಜಿ ಮುಖ್ಯಮಂತ್ರಿ ದಿವಂಗತ ಶ್ರೀ ಡಿ. ದೇವರಾಜ ಅರಸು ಅವರು ದಿನಾಂಕ 20-08-1915ರಂದು ಜನಿಸಿದರು. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯು ಇವರ ಸ್ವಗ್ರಾಮ. ಪದವಿ ಪಡೆದು ಊರಿಗೆ ಮರಳಿ ಕೃಷಿಯಲ್ಲಿ ತೊಡಗಿದ ಇವರು 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ವಿಧಾನಸಭೆಗೆ ಆಯ್ಕೆಯಾದರು. ಸಂಖ್ಯಾಬಲವಿಲ್ಲದ ಸಣ್ಣ ಸಮುದಾಯಕ್ಕೆ ಸೇರಿದ್ದರೂ 1972ರಲ್ಲಿ ಮುಖ್ಯಮಂತ್ರಿಯಾದರು. ಇವರ ಅವಧಿಯಲ್ಲಿಯೇ, ದಿನಾಂಕ 01-11-1973ರಂದು, ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾಯಿತು.

ನೀರಾವರಿ ಮತ್ತು ಕೈಗಾರಿಕೆಗಳು ಬೆಳೆಯುತ್ತಿದ್ದರೂ ಅದರ ಫಲವು ಗೇಣಿದಾರರಿಗೆ ದೊರೆಯುತ್ತಿರಲಿಲ್ಲ. ತಲೆಮಾರುಗಳಿಂದ ಉಳುಮೆ ಮಾಡುತ್ತಿದ್ದರೂ ಅನೇಕರ ಹೆಸರು ಪಹಣಿಯಲ್ಲಿ ಇರಲಿಲ್ಲ. ಬಾಯಿಮಾತಿನ ಗೇಣಿಗೆ ಕಾಗದದ ಆಧಾರವೂ ಇರಲಿಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ದಿನಾಂಕ 01-03-1974ರಿಂದ ಜಾರಿಗೆ ಬರುವಂತೆ ಗೇಣಿ ಜಮೀನುಗಳನ್ನು ಸರ್ಕಾರದಲ್ಲಿ ನಿಹಿತಗೊಳಿಸಲಾಯಿತು. ಅಧಿಭೋಗದ ಹಕ್ಕು ಕೋರಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ವಿಚಾರಣೆಗಾಗಿ ಭೂನ್ಯಾಯ ಮಂಡಳಿಗಳನ್ನು ರಚಿಸಿ, ಅಧಿಕಾರಿಗಳೊಂದಿಗೆ ಸಾರ್ವಜನಿಕರನ್ನೂ ಸದಸ್ಯರನ್ನಾಗಿ ನೇಮಿಸಲಾಯಿತು. ವಕೀಲರನ್ನು ಇಡಲು ಶಕ್ತಿಯಿಲ್ಲದವರು ಹಿಂದೆ ಬೀಳಬಾರದೆಂದು ಆರಂಭದಲ್ಲಿ ಮಂಡಳಿಗಳ ಮುಂದೆ ವಕೀಲರಿಗೆ ಅವಕಾಶವನ್ನೇ ನೀಡಿರಲಿಲ್ಲ. ಅರ್ಜಿ ಸಲ್ಲಿಕೆಯ ಅವಧಿಯನ್ನು ದಿನಾಂಕ 30-06-1979ರವರೆಗೆ ವಿಸ್ತರಿಸಲಾಯಿತು.

ಈ ಕ್ರಮದಿಂದ ಎಲ್ಲರಿಗೂ ಭೂಮಿ ದೊರೆಯಲಿಲ್ಲ ಎಂಬುದೂ ಸತ್ಯ. ಗೇಣಿ ಹಕ್ಕಿಲ್ಲದ ಕೂಲಿಕಾರರು ಇದರ ವ್ಯಾಪ್ತಿಗೆ ಬರಲಿಲ್ಲ; ಹಲವು ಪ್ರಕರಣಗಳು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಉಳಿದವು. ಆದಾಗ್ಯೂ ಲಕ್ಷಾಂತರ ಕುಟುಂಬಗಳು ಉಳುವ ನೆಲಕ್ಕೆ ಒಡೆಯರಾದವು.

1972ರಲ್ಲಿ ಶ್ರೀ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ರಚಿಸಲಾಯಿತು. ಆಯೋಗವು 1975ರಲ್ಲಿ ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ 1977ರಲ್ಲಿ ಶಿಕ್ಷಣ ಹಾಗೂ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಆದೇಶ ಹೊರಡಿಸಲಾಯಿತು. ಅದೇ ವರ್ಷ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವು ಸ್ಥಾಪನೆಗೊಂಡಿತು. ಈ ನಿಗಮಕ್ಕೆ ಮುಂದೆ ಅರಸು ಅವರ ಹೆಸರನ್ನೇ ಇಡಲಾಯಿತು. ಹಳ್ಳಿಯ ಬಡ ವಿದ್ಯಾರ್ಥಿಗಳು ಪಟ್ಟಣದಲ್ಲಿ ಉಳಿದು ಓದಲು ವಿದ್ಯಾರ್ಥಿನಿಲಯಗಳು ನೆರವಾದವು.

1980ರ ಜನವರಿಯಲ್ಲಿ ಅಧಿಕಾರದಿಂದ ನಿರ್ಗಮಿಸಿದ ಅರಸು ಅವರು ದಿನಾಂಕ 06-06-1982ರಂದು ನಿಧನರಾದರು. ಪ್ರತಿ ವರ್ಷ ಆಗಸ್ಟ್ 20ರಂದು ಅವರ ಜನ್ಮದಿನವನ್ನು ರಾಜ್ಯಾದ್ಯಂತ ಆಚರಿಸಲಾಗುತ್ತಿದೆ. ದಾಖಲೆ ಇಲ್ಲದವನ ಅರ್ಜಿಯನ್ನೂ ಸ್ವೀಕರಿಸಿ, ಸ್ಥಳದಲ್ಲಿ ವಿಚಾರಿಸಿ, ಅವನ ಮಾತನ್ನೂ ಕೇಳಿ ತೀರ್ಮಾನಿಸಬೇಕೆಂಬ ಅವರ ಕಾಲದ ಆಡಳಿತ ಕ್ರಮವು ಸಾರ್ವಜನಿಕ ಸೇವೆಯಲ್ಲಿರುವವರಿಗೆ ಇಂದಿಗೂ ಮಾರ್ಗದರ್ಶಿಯಾಗಿದೆ.