ಪೆಟ್ಟಿಗೆಯ ಮೆಕ್ಲೀನ್

ಅರಸರ ಚರಿತ್ರೆಯನ್ನು ಓದಿಸುವ ನಾವು ಸರಕು ಸಾಗಿಸಿದವರ ಚರಿತ್ರೆಯನ್ನು ಓದಿಸುವುದು ಅಪರೂಪ. ನನ್ನ ಮಟ್ಟಿಗಂತೂ 2021ರವರೆಗೆ ಈ ಮಾತು ನಿಜವಾಗಿತ್ತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಪತ್ರಿಕೆಯಲ್ಲಿ ಒಂದು ಚಿತ್ರವನ್ನು ಕಂಡೆ. ಅಮೆರಿಕದ ಪಶ್ಚಿಮ ತೀರದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಹೊರಗೆ, ಬಣ್ಣಬಣ್ಣದ ಲೋಹದ ಪೆಟ್ಟಿಗೆಗಳನ್ನು ಹೊತ್ತ ಹತ್ತಾರು ಹಡಗುಗಳು, ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಜನರಂತೆ, ತಮ್ಮ ಸರದಿಗಾಗಿ ಕಾದಿದ್ದುವು. ಕಂಟೇನರ್ ಎಂದು ಲೋಕವೆಲ್ಲ ಕರೆಯುವ ಆ ಪೆಟ್ಟಿಗೆಯ ಮೂಲವನ್ನು ಅರಸುತ್ತ ಹೋದಾಗ ನನಗೆ ದೊರೆತ ಹೆಸರು ಮಾಲ್ಕಮ್ ಮೆಕ್ಲೀನ್. ಕಾಯುವುದೆಂದರೆ ಹಣವನ್ನು ನೀರಿಗೆ ಸುರಿದಂತೆ ಎಂದು ನಂಬಿದ್ದ ಮನುಷ್ಯ ಆತ. ಕಾಯುವಿಕೆಯನ್ನು ನೀಗಲೆಂದು ಹುಟ್ಟಿದ ಪೆಟ್ಟಿಗೆಯೇ ಕಾಯುತ್ತ ನಿಂತದ್ದು ಏಕೆ? ಈ ಪ್ರಶ್ನೆಗೆ ಆತನ ಬಾಳಿನಲ್ಲಿಯೇ ಉತ್ತರವಿದೆಯೆಂದು ನನಗೆ ತೋರಿತು.

ಮೆಕ್ಲೀನ್ ಹುಟ್ಟಿದ್ದು 1913ರಲ್ಲಿ, ಉತ್ತರ ಕೆರೊಲಿನಾ ಸಂಸ್ಥಾನದ ಮ್ಯಾಕ್ಸ್‌ಟನ್ ಎಂಬ ಊರಿನ ಬಳಿ. 1931ರಲ್ಲಿ ಪ್ರೌಢಶಾಲೆಯ ಓದು ಮುಗಿಯಿತು. ಆಗ ಅಮೆರಿಕವು ಆರ್ಥಿಕ ಮುಗ್ಗಟ್ಟಿನಲ್ಲಿ ಮುಳುಗಿದ್ದ ಕಾಲ. ಮುಂದಿನ ಓದಿಗೆ ಅನುಕೂಲವಿರಲಿಲ್ಲ. ಪೆಟ್ರೋಲ್ ಬಂಕೊಂದನ್ನು ನೋಡಿಕೊಳ್ಳುವ ಕೆಲಸಕ್ಕೆ ಆತ ಸೇರಿದ. ಬಂಕಿಗೆ ಬೇಕಾದ ಎಣ್ಣೆಯನ್ನು ದೂರದ ಊರಿನಿಂದ ತಂದುಕೊಡುವವನಿಗೆ ಒಳ್ಳೆಯ ಕೂಲಿ ಸಿಗುತ್ತದೆಂದು ತಿಳಿದೊಡನೆ, ಹಳೆಯದೊಂದು ಲಾರಿಯನ್ನು ಹಿಡಿದು ತಾನೇ ತರತೊಡಗಿದ. 1934ರಲ್ಲಿ ಹೀಗೆ ಮೊದಲಾದ ಸಾಗಣೆಯ ವ್ಯಾಪಾರದಲ್ಲಿ ಸಹೋದರಿ ಕ್ಲಾರಾ ಮತ್ತು ಸಹೋದರ ಜಿಮ್ ಜೊತೆಗೂಡಿದರು. ಇಪ್ಪತ್ತು ವರ್ಷಗಳಲ್ಲಿ ಅದು ಆ ದೇಶದ ಹಿರಿಯ ಲಾರಿ ಸಂಸ್ಥೆಗಳಲ್ಲಿ ಒಂದಾಯಿತು.

ಆತನ ಬಗೆಗೆ ಒಂದು ಕಥೆ ಪ್ರಚಲಿತವಾಗಿದೆ. 1937ರಲ್ಲಿ ಹತ್ತಿಯ ಅಂಡಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ನ್ಯೂಜೆರ್ಸಿಯ ಹೊಬೋಕನ್ ಬಂದರಿಗೆ ಹೋದಾಗ, ತನ್ನ ಸರದಿ ಬರುವವರೆಗೆ ದಿನವಿಡೀ ಕಾಯಬೇಕಾಯಿತಂತೆ. ಕೂಲಿಗಳು ಒಂದೊಂದೇ ಅಂಡಿಗೆಯನ್ನು ಇಳಿಸಿ ಹಡಗಿಗೆ ಏರಿಸುವುದನ್ನು ನೋಡುತ್ತ, ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಿನಲ್ಲಿಡಬಾರದೇಕೆ ಎಂದು ಯೋಚಿಸಿದನಂತೆ. ಕಥೆ ಸೊಗಸಾಗಿದೆ, ಆದರೆ ಇದನ್ನು ನಂಬದ ಇತಿಹಾಸಕಾರರೂ ಉಂಟು. 1950ರ ದಶಕದಲ್ಲಿ ಹೆದ್ದಾರಿಗಳ ಮೇಲೆ ಲಾರಿಗಳ ದಟ್ಟಣೆ ಮಿತಿಮೀರಿದಾಗ, ಅವುಗಳ ಹೊರೆಯನ್ನು ಕರಾವಳಿಯ ಹಡಗುಗಳಿಗೆ ದಾಟಿಸಬೇಕೆಂಬ ಲೆಕ್ಕಾಚಾರದಿಂದ ಈ ಯೋಜನೆ ಮೊಳೆಯಿತೆಂಬುದೇ ನನಗೆ ಹೆಚ್ಚು ಸಂಭವನೀಯವಾಗಿ ಕಾಣುತ್ತದೆ. ಪೆಟ್ಟಿಗೆಗಳಲ್ಲಿ ಸರಕು ಕಳುಹಿಸುವ ರೂಢಿ ರೈಲಿನಲ್ಲಿಯೂ ಹಡಗಿನಲ್ಲಿಯೂ ಅದಕ್ಕೆ ಮೊದಲೇ ಇತ್ತು. ಹಡಗು, ಬಂದರು, ಎತ್ತುವ ಯಂತ್ರ, ಲಾರಿ ಇವೆಲ್ಲವನ್ನೂ ಒಂದೇ ಏರ್ಪಾಡಿನ ಅಂಗಗಳೆಂದು ಕಂಡದ್ದು ಮೆಕ್ಲೀನನ ಹೆಚ್ಚಳ.

ಲಾರಿಯ ಒಡೆಯನು ಹಡಗಿನ ಒಡೆಯನೂ ಆಗಲು ಸರಕಾರದ ನಿಯಮ ಅಡ್ಡಬಂದಿತು. ಆಗ ಆತ ಮಾಡಿದ ನಿರ್ಧಾರ ಸಾಮಾನ್ಯವಾದುದಲ್ಲ. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಲಾರಿ ಸಂಸ್ಥೆಯನ್ನೇ ಬಿಟ್ಟುಕೊಟ್ಟು, ಭಾರಿ ಸಾಲ ಮಾಡಿ, 1955ರಲ್ಲಿ ಹಡಗಿನ ಸಂಸ್ಥೆಯನ್ನು ಕೊಂಡ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಳೆಯ ಎಣ್ಣೆ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು.

ಮಂಗಳೂರಿನ ಹಳೆಯ ಬಂದರಿನಲ್ಲಿ, ಮೂಟೆ ಹೊತ್ತವರು ಇಕ್ಕಟ್ಟಾದ ಹಲಗೆಯ ಮೇಲೆ ಹೆಜ್ಜೆಯಿಟ್ಟು ಮಂಜಿಯನ್ನು ಏರುವುದನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಒಂದು ಮಂಜಿ ತುಂಬಲು ಎಷ್ಟು ಹೆಗಲು ಬೇಕೆಂಬುದನ್ನು ಕಂಡವರಿಗೆ ಮುಂದಿನ ಲೆಕ್ಕದ ಅರ್ಥ ತಾನಾಗಿ ಹೊಳೆಯುತ್ತದೆ. ಬಿಡಿ ಸರಕನ್ನು ಹಡಗಿಗೆ ತುಂಬಲು ಅಂದು ಟನ್ನಿಗೆ 5 ಡಾಲರ್ 83 ಸೆಂಟ್ ತಗಲುತ್ತಿದ್ದರೆ, ಐಡಿಯಲ್ ಎಕ್ಸ್ ಹಡಗಿನಲ್ಲಿ ತಗಲಿದ್ದು 16 ಸೆಂಟಿಗಿಂತ ಕಡಿಮೆ.

ಈ ಅಗ್ಗದ ಬೆಲೆಯನ್ನು ತೆತ್ತವರು ಯಾರು ಎಂಬುದನ್ನೂ ಮರೆಯಬಾರದು. 1958ರಲ್ಲಿ ಪೋರ್ಟೊ ರಿಕೊ ದ್ವೀಪದ ಬಂದರು ಕೂಲಿಗಳು ಮೆಕ್ಲೀನನ ಪೆಟ್ಟಿಗೆಗಳನ್ನು ಇಳಿಸಲು ಒಪ್ಪದೆ ಹಡಗುಗಳು ತಿಂಗಳುಗಟ್ಟಲೆ ಸುಮ್ಮನೆ ನಿಂತುವು. ತಮ್ಮ ಅನ್ನಕ್ಕೆ ಕುತ್ತು ಬಂದಿತೆಂಬ ಅವರ ಭಯ ಸುಳ್ಳಾಗಿರಲಿಲ್ಲ. ಅಮೆರಿಕದ ಕೆಲವೆಡೆ ಸಂಘಗಳು ಹೋರಾಡಿ ಪರಿಹಾರನಿಧಿಯನ್ನೂ ಖಚಿತ ಆದಾಯವನ್ನೂ ಪಡೆದುವು. ಲೋಕದ ಎಲ್ಲ ಬಂದರುಗಳ ಕೂಲಿಗಳಿಗೂ ಆ ಭಾಗ್ಯ ದೊರೆಯಲಿಲ್ಲ. ಮೆಕ್ಲೀನ್ ಉದಾರಿಯೂ ಹೌದು: ಪೆಟ್ಟಿಗೆಯ ಮೂಲೆಗಳ ಜೋಡಣೆಯ ಮೇಲಿದ್ದ ತನ್ನ ಸಂಸ್ಥೆಯ ಹಕ್ಕನ್ನು ಶುಲ್ಕವಿಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟ. ಜಗತ್ತು ಒಪ್ಪಿದ ಅಳತೆ 20 ಮತ್ತು 40 ಅಡಿ, ಆತನದು 35 ಅಡಿ. ಆದರೂ ಎಲ್ಲ ಪೆಟ್ಟಿಗೆಗಳೂ ಒಂದಕ್ಕೊಂದು ಹೊಂದುವಂತಾಗಲು ಆ ತ್ಯಾಗವೇ ಹಾದಿ ಮಾಡಿತು.

ಆದರೆ ದಟ್ಟಣೆಯ ಪ್ರಶ್ನೆಗೆ ಬಂದಾಗ, ಆತನ ಬಾಳಿನ ಮುಖ್ಯ ಅಧ್ಯಾಯ ವಿಯಟ್ನಾಮಿನದು. 1965ರಲ್ಲಿ ಅಮೆರಿಕವು ಅಲ್ಲಿಗೆ ಸೈನ್ಯವನ್ನು ತ್ವರೆಯಿಂದ ಕಳುಹಿಸತೊಡಗಿತು. ದಕ್ಷಿಣ ವಿಯಟ್ನಾಮಿಗೆ ಆಗ ದೊಡ್ಡ ಹಡಗುಗಳು ತಂಗಬಲ್ಲ ಬಂದರೆಂದರೆ ನದಿಯ ದಂಡೆಯ ಸೈಗಾನ್ ಒಂದೇ. ಸೈನ್ಯದ ಸರಕೂ ನಾಗರಿಕರ ಸರಕೂ ಒಂದೇ ಬಾಗಿಲಲ್ಲಿ ನುಗ್ಗಿದುವು. ಉಗ್ರಾಣ ಸಾಲದೆ ಹಡಗುಗಳೇ ತೇಲುವ ಉಗ್ರಾಣಗಳಾದುವು. ಯಾವುದು ಮೊದಲು ಇಳಿಯಬೇಕೆಂಬುದರಲ್ಲಿ ಅಧಿಕಾರಿಗಳಿಗೇ ಒಮ್ಮತವಿರಲಿಲ್ಲ. ಹಡಗುಗಳು ವಿಯಟ್ನಾಮಿನ ತೀರದಲ್ಲಿ ಮಾತ್ರವಲ್ಲದೆ ದೂರದ ಫಿಲಿಪ್ಪೀನ್ಸ್ ದ್ವೀಪಗಳಲ್ಲಿಯೂ ಸರದಿಗಾಗಿ ಕಾದುವು.

ಸರಕಾರವು ಕೈಕಟ್ಟಿ ಕುಳಿತಿರಲಿಲ್ಲ. ಸೈಗಾನಿನ ಬಳಿ ಸೈನ್ಯಕ್ಕೆಂದೇ ಹೊಸ ಬಂದರನ್ನು ಕಟ್ಟಿತು. ಕಾಮ್ ರಾನ್ ಕೊಲ್ಲಿಗೆ ಬೇರೆಡೆ ಸಿದ್ಧಪಡಿಸಿದ ಹಡಗುಕಟ್ಟೆಗಳನ್ನು ಕಡಲಿನ ಮೇಲೆಯೇ ಎಳೆದು ತಂದು ನಿಲ್ಲಿಸಿತು. ಮೆಕ್ಲೀನ್ 1965ರ ಕೊನೆಯಲ್ಲಿ ತಾನೇ ವಿಯಟ್ನಾಮಿಗೆ ಹೋಗಿ ಕಣ್ಣಾರೆ ಕಂಡು ಬಂದ. ಪೆಟ್ಟಿಗೆಯಿಂದ ಈ ಗಂಟು ಬಿಡಿಸಬಹುದೆಂದು ಅಧಿಕಾರಿಗಳ ಬಾಗಿಲುಗಳನ್ನು ಪದೇ ಪದೇ ತಟ್ಟಿದ. ಅವರು ಬಹುಕಾಲ ಅನುಮಾನಿಸಿ, 1967ರಲ್ಲಿ ಒಪ್ಪಂದ ಮಾಡಿಕೊಂಡರು. ಹಡಗು, ಎತ್ತುವ ಯಂತ್ರ, ಲಾರಿ ಎಲ್ಲದರ ಹೊಣೆಯೂ ಆತನ ಸಂಸ್ಥೆಯದೇ ಆಯಿತು. ಆ ವರ್ಷದ ನವೆಂಬರಿನಲ್ಲಿ 609 ಪೆಟ್ಟಿಗೆಗಳ ಹಡಗೊಂದು ಕಾಮ್ ರಾನ್ ಕೊಲ್ಲಿಗೆ ಬಂದಿತು. ಅದು ತಂದ ಸರಕು ಹಳೆಯ ಬಗೆಯ ಹತ್ತು ಹಡಗುಗಳ ಸರಕಿಗೆ ಸಮ. ಹಡಗುಗಳು ಬರಿದಾಗಿ ಹಿಂದಿರುಗಬಾರದೆಂದು ಆತ ಜಪಾನಿನಲ್ಲಿ ಸರಕು ತುಂಬಿಸಿದ. ಏಷ್ಯ ಖಂಡದ ಸರಕು ಅಮೆರಿಕದ ಅಂಗಡಿಗಳಿಗೆ ಹರಿಯತೊಡಗಿದ್ದು ಹೀಗೆ. ಅಸಂಖ್ಯ ಜನರ ಸಾವಿಗೆ ಕಾರಣವಾದ ಯುದ್ಧವೊಂದರ ಸಾಮಗ್ರಿಯನ್ನು ಸುಗಮವಾಗಿ ಸಾಗಿಸಿದ್ದನ್ನು ಸಾಧನೆಯೆಂದು ಹೊಗಳಲು ನನ್ನ ಮನಸ್ಸು ಹಿಂಜರಿಯುತ್ತದೆ. ಆದರೆ ಅದು ಕಲಿಸಿದ ಪಾಠ ನಿಜವಾದುದು: ಸರದಿ ಕರಗಿದ್ದು ಪೆಟ್ಟಿಗೆಯೊಂದರಿಂದಲ್ಲ; ಹಡಗಿನಿಂದ ಉಗ್ರಾಣದವರೆಗಿನ ಸರಪಳಿಯ ಎಲ್ಲ ಕೊಂಡಿಗಳನ್ನೂ ಒಬ್ಬನು ಹೊಣೆ ಹೊತ್ತು ಕೂಡಿಸಿದ್ದರಿಂದ.

ಈ ಪಾಠವನ್ನು ಗುರುವೇ ಮರೆತನೆಂಬುದು ಕಥೆಯ ವ್ಯಥೆ. 1969ರಲ್ಲಿ ತನ್ನ ‘ಸೀ ಲ್ಯಾಂಡ್’ ಸಂಸ್ಥೆಯನ್ನು ಮಾರಿ ಅಪಾರ ಐಶ್ವರ್ಯವನ್ನು ಗಳಿಸಿದ. 1978ರಲ್ಲಿ ಮತ್ತೊಂದು ಹಡಗು ಸಂಸ್ಥೆಯನ್ನು ಕೊಂಡು, ಭೂಮಂಡಲವನ್ನೇ ಸುತ್ತುವ ಹನ್ನೆರಡು ದೈತ್ಯ ಹಡಗುಗಳನ್ನು ಕೊರಿಯದಲ್ಲಿ ಕಟ್ಟಿಸಿದ. ಎಣ್ಣೆಯ ಬೆಲೆ ಏರುವುದೆಂದು ನಂಬಿ ಅವನ್ನು ನಿಧಾನಗಾಮಿಗಳಾಗಿ ಮಾಡಿಸಿದ್ದ. ಬೆಲೆ ಇಳಿಯಿತು, ಸರಕೂ ಸಾಲದಾಯಿತು. 1986ರಲ್ಲಿ ಸಂಸ್ಥೆ ದಿವಾಳಿಯೆದ್ದಿತು. ಕಾಯುವುದನ್ನು ಸಹಿಸದವನ ಹಡಗುಗಳು ಕೆಲಸವಿಲ್ಲದೆ ಲಂಗರು ಹಾಕಿ ಕೊಳ್ಳುವವರಿಗಾಗಿ ಕಾದುವು. ಸಾವಿರಾರು ಜನರು ಕೆಲಸ ಕಳೆದುಕೊಂಡರು. ಆತ ಆ ಬಳಿಕ ಬಹಳಮಟ್ಟಿಗೆ ಜನರ ಕಣ್ಣಿಗೆ ಬೀಳದೆ ಬಾಳಿದ. ಆದರೂ 2001ರ ಮೇ 25ರಂದು ತೀರಿಕೊಂಡಾಗ, ಶವಸಂಸ್ಕಾರದ ಬೆಳಗ್ಗೆ ಲೋಕದ ಅನೇಕ ಕಡೆ ಕಂಟೇನರ್ ಹಡಗುಗಳು ಸೀಟಿ ಊದಿ ಗೌರವ ಸಲ್ಲಿಸಿದುವು.

ಈಗ ನಾನು ಕಂಡ ಚಿತ್ರಕ್ಕೆ ಹಿಂದಿರುಗುತ್ತೇನೆ. ಮಹಾವ್ಯಾಧಿಯ ಕಾಲದಲ್ಲಿ ಮನೆಯೊಳಗೆ ಉಳಿದ ಜನ ವಸ್ತುಗಳನ್ನು ಕೊಳ್ಳತೊಡಗಿದರು. ಹಡಗು ತಂದ ಪೆಟ್ಟಿಗೆಗಳನ್ನು ಒಯ್ಯಲು ಲಾರಿ, ತುಂಬಿಡಲು ಉಗ್ರಾಣ, ದುಡಿಯಲು ಜನ ಸಾಲದಾದರು. 2021ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರು ಲಾಸ್ ಏಂಜಲೀಸ್ ಬಂದರು ಹಗಲಿರುಳೂ ದುಡಿಯುವುದೆಂದು ಸಾರಿದರು. ಅಂಗಳದಲ್ಲಿ ಬಹುದಿನ ಬಿದ್ದಿರುವ ಪೆಟ್ಟಿಗೆಗಳಿಗೆ ದಂಡ ವಿಧಿಸುವುದಾಗಿ ಬಂದರುಗಳು ಎಚ್ಚರಿಸಿದುವು. ಆ ದಂಡವನ್ನು ಕೊನೆಗೂ ವಸೂಲು ಮಾಡಲಿಲ್ಲ. ಆದರೂ 2022ರ ಜನವರಿಯಲ್ಲಿ ಸರದಿಯ ಹಡಗುಗಳು ನೂರನ್ನು ಮೀರಿದ್ದುವು. ಆ ಜೂನಿನಲ್ಲಿ ಹಡಗು ಸಂಸ್ಥೆಗಳನ್ನು ಹದ್ದಿನಲ್ಲಿಡುವ ಹೊಸ ಕಾನೂನೂ ಬಂದಿತು. ಸರದಿ ಕರಗಿದ್ದು ವರ್ಷದ ಕೊನೆಗೆ. ಅದಕ್ಕೆ ಕೊಳ್ಳುವವರ ಭರಾಟೆ ಇಳಿದದ್ದೂ ಒಂದು ಕಾರಣ. ರಾತ್ರಿ ಬಂದರಿನ ಬಾಗಿಲು ತೆರೆದಿದ್ದರೂ ಉಗ್ರಾಣದ ಬಾಗಿಲು ಮುಚ್ಚಿದ್ದರೆ ಲಾರಿಯವನು ಬಂದು ಮಾಡುವುದೇನು?

ನಮ್ಮಲ್ಲಿಯೂ ಈ ವಿವೇಕಕ್ಕೆ ಒಂದು ನಿದರ್ಶನವಿದೆ. 1981ರಲ್ಲಿ ಬೆಂಗಳೂರಿನಲ್ಲಿ ಒಳನಾಡಿನ ಕಂಟೇನರ್ ನಿಲ್ದಾಣವೊಂದು ತೆರೆಯಿತು. ಸುಂಕದ ತಪಾಸಣೆಯನ್ನು ಕಡಲತೀರದಿಂದ ಊರೊಳಕ್ಕೇ ತಂದರೆ ಬಂದರಿನ ಅಂಗಳ ಹಗುರಾಗುವುದೆಂಬುದು ಅದರ ಹಿಂದಿನ ಯೋಚನೆ. ವೈಟ್‌ಫೀಲ್ಡಿನ ರೈಲುಹಾದಿಯ ಬಳಿ ಒಟ್ಟಿರುವ ಆ ಪೆಟ್ಟಿಗೆಗಳನ್ನು ಕಂಡಾಗಲೆಲ್ಲ ನನಗೆ ಮೆಕ್ಲೀನನ ನೆನಪಾಗುತ್ತದೆ. ಮನುಷ್ಯನ ಹೆಗಲಿನ ಹೊರೆಯನ್ನು ಆತ ಇಳಿಸಿದ. ಮುಂದಾಲೋಚನೆಯ ಹೊರೆಯನ್ನು ಮಾತ್ರ ಯಾವ ಪೆಟ್ಟಿಗೆಯೂ ಹೊರಲಾರದು. ಅದನ್ನು ನಾವೇ ಹೊರಬೇಕು.