ಶಿಶುವಿಹಾರದ ಜನಕ ಫ್ರೋಬೆಲ್

ಜರ್ಮನಿಯ ತುರಿಂಗಿಯಾ ಪ್ರಾಂತದ ಕಾಡುಗುಡ್ಡಗಳ ನಡುವೆ ಓಬರ್‌ವೈಸ್‌ಬಾಖ್ ಎಂಬುದೊಂದು ಗ್ರಾಮ. ಫ್ರೆಡರಿಕ್ ಫ್ರೋಬೆಲನು 1782ನೆಯ ಏಪ್ರಿಲ್ 21ರಂದು ಅಲ್ಲಿಯ ಪಾದ್ರಿಯ ಮಗನಾಗಿ ಜನಿಸಿದನು. ಒಂಬತ್ತು ತಿಂಗಳ ಹಸುಳೆಯಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆಯು ಧರ್ಮಕಾರ್ಯದಲ್ಲಿ ಮುಳುಗಿದವನು. ಮಲತಾಯಿಯು ಮೊದಮೊದಲು ಅಕ್ಕರೆ ತೋರಿದಳಾದರೂ ತನಗೊಬ್ಬ ಮಗ ಹುಟ್ಟಿದ ಮೇಲೆ ಈ ಬಾಲಕನನ್ನು ದೂರವಿಟ್ಟಳು. ನೀನು ಎಂಬ ಸಲಿಗೆಯ ಸಂಬೋಧನೆಯನ್ನೂ ಬಿಟ್ಟು, ಪರಕೀಯನನ್ನು ಕುರಿತೆಂಬಂತೆ ಅವನು ಎಂದೇ ಮಾತನಾಡಿಸತೊಡಗಿದಳು. ಮಾತೃವಾತ್ಸಲ್ಯದಿಂದ ವಂಚಿತನಾದ ಈ ಶಿಶುವೇ ಮುಂದೆ ತಾಯಂದಿರಿಗೆ ಮಕ್ಕಳೊಡನೆ ಆಡುವ ಬಗೆಯನ್ನು ಕಲಿಸಿದುದು ಸೋಜಿಗ. ಆ ಕೊರತೆಯಲ್ಲಿಯೇ ಅದರ ಬೇರು ಇದ್ದಿರಬೇಕು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನು ತನ್ನ ಮನೆಗೆ ಕರೆದೊಯ್ದ ಮೇಲೆಯೇ ಅವನಿಗೆ ಓರಗೆಯವರೊಡನೆ ಮನಸಾರೆ ಆಡುವ ಭಾಗ್ಯ ದೊರೆಯಿತು.

ಯೌವನವು ಅಲೆದಾಟದಲ್ಲಿ ಕಳೆಯಿತು. ಅರಣ್ಯಾಧಿಕಾರಿಯೊಬ್ಬನ ಬಳಿ ಶಿಷ್ಯವೃತ್ತಿ, ಯೇನಾ ವಿಶ್ವವಿದ್ಯಾನಿಲಯದಲ್ಲಿ ಅರೆಬರೆ ವ್ಯಾಸಂಗ, ಸಾಲ ತೀರಿಸಲಾರದೆ ಒಂಬತ್ತು ವಾರಗಳ ಸೆರೆವಾಸ. 1805ರಲ್ಲಿ ವಾಸ್ತುಶಿಲ್ಪ ಕಲಿಯಲೆಂದು ಫ್ರಾಂಕ್‌ಫರ್ಟ್ ನಗರಕ್ಕೆ ಹೋದವನು ಅಕಸ್ಮಾತ್ತಾಗಿ ಶಾಲೆಯೊಂದರಲ್ಲಿ ಅಧ್ಯಾಪಕನಾದನು. ತನ್ನ ಜೀವಿತದ ಕಾರ್ಯ ಇದೇ ಎಂಬುದು ಅವನಿಗೆ ಕೂಡಲೇ ಮನವರಿಕೆಯಾಯಿತು. ಸ್ವಿಟ್ಜರ್ಲೆಂಡಿನ ಇವೆರ್ಡನ್‌ನಲ್ಲಿ ಪೆಸ್ಟಾಲಜಿಯ ಸನ್ನಿಧಿಯಲ್ಲಿ 1808ರಿಂದ ಎರಡು ವರ್ಷ ಇದ್ದು ಬೋಧನಕ್ರಮವನ್ನು ಅರಿತನು. ನೆಪೋಲಿಯನ್ನನ ವಿರುದ್ಧದ ಯುದ್ಧದಲ್ಲಿ ಸ್ವಯಂಸೇವಕನಾಗಿ ಸೇರಿ ಹಿಂದಿರುಗಿದ ಮೇಲೆ, ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸಹಾಯಕನಾದನು. ಸ್ಫಟಿಕವೊಂದು ತನ್ನೊಳಗಿನ ನಿಯಮಕ್ಕನುಗುಣವಾಗಿ ಆಕಾರ ತಳೆಯುವಂತೆ ಮಗುವೂ ಒಳಗಿನಿಂದಲೇ ಅರಳುತ್ತದೆಂಬ ಅವನ ನಂಬಿಕೆಯು ಅಲ್ಲಿ ಗಟ್ಟಿಯಾಯಿತು.

1816ರಲ್ಲಿ ಐವರು ಅಣ್ಣನ ಮಕ್ಕಳನ್ನೇ ವಿದ್ಯಾರ್ಥಿಗಳನ್ನಾಗಿಸಿಕೊಂಡು ಶಾಲೆ ತೆರೆದನು. ಅವರಲ್ಲಿ ಮೂವರು, ಸೈನಿಕರ ಶುಶ್ರೂಷೆಯಲ್ಲಿ ಜ್ವರ ತಗಲಿ ಮಡಿದ ಅಣ್ಣನ ಅನಾಥ ಪುತ್ರರು. ಮರುವರ್ಷ ಶಾಲೆಯು ಕೈಲ್‌ಹೌ ಎಂಬ ಹಳ್ಳಿಗೆ ಸ್ಥಳಾಂತರವಾಯಿತು. ಹಣದ ಅಡಚಣೆ ಅಲ್ಲಿ ಎಂದೂ ತಪ್ಪಲಿಲ್ಲ.

ಶಾಲೆಗೆ ಬರುವ ಮುನ್ನಿನ ವರ್ಷಗಳೇ ನಿರ್ಣಾಯಕವೆಂದು ಮನಗಂಡ ಫ್ರೋಬೆಲನು, ಐವತ್ತೈದರ ಪ್ರಾಯದಲ್ಲಿ, 1837ರಲ್ಲಿ, ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಪುಟ್ಟ ಮಕ್ಕಳ ಆಟಕ್ಕಾಗಿಯೇ ಸಂಸ್ಥೆಯೊಂದನ್ನು ಆರಂಭಿಸಿದನು. ಅದಕ್ಕೊಂದು ಹೆಸರು ಬಹುಕಾಲ ಹೊಳೆಯಲಿಲ್ಲ. 1840ರಲ್ಲಿ ಗೆಳೆಯರೊಡನೆ ಗುಡ್ಡದ ದಾರಿಯಲ್ಲಿ ನಡೆಯುತ್ತಿರುವಾಗ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಪದವು ಮಿಂಚಿತಂತೆ. ನಮ್ಮ ಎಲ್.ಕೆ.ಜಿ., ಯು.ಕೆ.ಜಿ.ಗಳಲ್ಲಿ ಅಡಗಿರುವುದು ಈ ತೋಟವೇ. ಆದರೆ ಎಷ್ಟೋ ಕಡೆ ಆ ತರಗತಿಗಳಲ್ಲಿ ಮಗುವಿನ ಕೈಗೆ ಚೆಂಡಿಗಿಂತ ಮೊದಲು ಪೆನ್ಸಿಲು ಬರುತ್ತದೆ.

ಫ್ರೋಬೆಲನ ತೋಟದಲ್ಲಿ ಮೊದಲು ಬರುತ್ತಿದ್ದುದು ಚೆಂಡೇ. ದಾರಕ್ಕೆ ಕಟ್ಟಿದ, ಆರು ಬಣ್ಣದ ಮೆತ್ತನೆಯ ಉಣ್ಣೆಯ ಚೆಂಡುಗಳು ಅವನ ಮೊದಲನೆಯ ಕೊಡುಗೆ. ಎರಡನೆಯದು ಮರದ ಗೋಳ, ಘನ ಹಾಗೂ ಉರುಳೆ. ಗೋಳ ಉರುಳುತ್ತದೆ, ಘನ ನಿಲ್ಲುತ್ತದೆ, ಉರುಳೆ ಎರಡನ್ನೂ ಮಾಡುತ್ತದೆ. ಯಾರೂ ವಿವರಿಸದೆಯೇ ಮಗು ಇದನ್ನು ಕೈಯಿಂದ ಅರಿಯುತ್ತದೆ. ಮೂರನೆಯದು ಎಂಟು ಕಿರುಘನಗಳಾಗಿ ಬಿಡಿಸಬಹುದಾದ ಘನ. ಅವುಗಳಿಂದಲೇ ಕುರ್ಚಿ, ಮನೆ. ಅವುಗಳಿಂದಲೇ ಅರ್ಧ, ಕಾಲು, ಅರೆಕಾಲುಗಳ ಲೆಕ್ಕ. ಅವುಗಳಿಂದಲೇ ರಂಗವಲ್ಲಿಯಂತಹ ವಿನ್ಯಾಸ. ಆಟ ಮುಗಿದಾಗ ತುಂಡುಗಳೆಲ್ಲ ಮರಳಿ ಒಂದೇ ಘನವಾಗಬೇಕು. ಇವಲ್ಲದೆ ಕಾಗದ ಮಡಿಸುವುದು, ಮಣ್ಣಿನಿಂದ ಆಕೃತಿ ಮಾಡುವುದು, ಹಾಡು, ವೃತ್ತದಾಟ, ಪ್ರತಿ ಮಗುವಿಗೂ ಬಿತ್ತಿ ಬೆಳೆಯಲು ಒಂದು ಪಾತಿ. ಈ ಕೊಡುಗೆಗಳಿಗೆ ಅವನು ಹೊರಿಸಿದ ಗೂಢಾರ್ಥಗಳು ಕೆಲವೆಡೆ ಅತಿಯಾದವು, ಅನುಯಾಯಿಗಳ ಕೈಯಲ್ಲಿ ಆಟವೇ ಕವಾಯತಾದದ್ದೂ ಉಂಟು. ಆದರೂ ಆಟವು ಕಾಲಹರಣವಲ್ಲ, ಶಿಶುವಿನ ಅತ್ಯಂತ ಗಂಭೀರವಾದ ಕಾರ್ಯವೆಂಬ ತತ್ತ್ವದ ಮೇಲೆ ಶಾಲೆಯನ್ನೇ ಕಟ್ಟಿ ತೋರಿದ ಕೀರ್ತಿ ಅವನದು.

ಆ ಕೀರ್ತಿ ಫಲಿಸುವ ಹೊತ್ತಿಗೆ ಸಿಡಿಲೆರಗಿತು. 1851ನೆಯ ಆಗಸ್ಟ್ 7ರಂದು ಪ್ರಷ್ಯಾ ಸರ್ಕಾರವು ಕಿಂಡರ್‌ಗಾರ್ಟನ್‌ಗಳನ್ನು ನಾಸ್ತಿಕತೆ, ಸಮಾಜವಾದಗಳ ತವರೆಂದು ಆರೋಪಿಸಿ ನಿಷೇಧಿಸಿತು. ಅದಕ್ಕೆ ಆಧಾರವಾದ ಪುಸ್ತಿಕೆಯನ್ನು ಬರೆದವನು ಫ್ರೋಬೆಲನಲ್ಲ. ಅವನ ಅಣ್ಣನ ಮಗ ಕಾರ್ಲ್ ಫ್ರೋಬೆಲ್. ಅನಾಥನಾದಾಗ ಚಿಕ್ಕಪ್ಪನ ಶಾಲೆಯಲ್ಲಿಯೇ ಓದಿ ಬೆಳೆದವನು ಅವನು! ತಪ್ಪನ್ನು ತೋರಿಸಿಕೊಟ್ಟು, ಅರಸನಿಗೆ ಮೊರೆಯಿಟ್ಟರೂ ನಿಷೇಧ ತೆರವಾಗಲಿಲ್ಲ. ಹಾಗಾಗಿ ಹೆಸರಿನ ಗೊಂದಲವೊಂದೇ ಕಾರಣವೆನ್ನಲಾಗದು. 1848ರ ಕ್ರಾಂತಿಯಿಂದ ಬೆದರಿದ ಆಡಳಿತಕ್ಕೆ ಸ್ವತಂತ್ರವಾಗಿ ಆಡುವ ಮಗುವೂ ಅಪಾಯವಾಗಿ ಕಂಡಿತು. ಧರ್ಮಶ್ರದ್ಧೆಯುಳ್ಳ ವೃದ್ಧನಿಗೆ ನಾಸ್ತಿಕನೆಂಬ ಕಳಂಕವು ಬಹಳ ನೋವನ್ನುಂಟುಮಾಡಿತು. 1852ನೆಯ ಜೂನ್ 21ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಮರಿಯೆಂಟಾಲ್‌ನಲ್ಲಿ ನಿಧನ ಹೊಂದಿದನು. ಸಮಾಧಿಯ ಮೇಲೆ ಘನ, ಉರುಳೆ, ಗೋಳಗಳನ್ನು ಒಂದರ ಮೇಲೊಂದು ನಿಲ್ಲಿಸಲಾಗಿದೆ.

ಬೆರ್ಟಾ ಫಾನ್ ಮಾರೆನ್‌ಹೋಲ್ಟ್ಸ್ ಎಂಬ ಶ್ರೀಮಂತ ಮಹಿಳೆಯು ಈ ಪದ್ಧತಿಯನ್ನು ಯುರೋಪಿನ ದೇಶದೇಶಗಳಿಗೆ ಒಯ್ದಳು. 1856ರಲ್ಲಿ ಮಾರ್ಗರೆಟ್ ಶುರ್ಜ್ ಅಮೆರಿಕದ ವಾಟರ್‌ಟೌನ್ ಎಂಬ ಊರಿನಲ್ಲಿ ತನ್ನ ಮಗಳನ್ನೂ ನೆರೆಹೊರೆಯ ಮಕ್ಕಳನ್ನೂ ಕೂಡಿಸಿಕೊಂಡು ಕಿಂಡರ್‌ಗಾರ್ಟನ್ ಒಂದನ್ನು ನಡೆಸಿದಳು. ಪ್ರಷ್ಯಾ ತನ್ನ ನಿಷೇಧವನ್ನು ಹಿಂತೆಗೆದುಕೊಂಡದ್ದು 1860ರಲ್ಲಿ.