ಜೋಡಿಸಿದ ಕೈಗಳು, ಮಡಚಿದ ಹಾಳೆ

ಪ್ರಾರ್ಥನೆಗೆ ಜೋಡಿಸಿದ ಎರಡು ಕೈಗಳ ಚಿತ್ರ ನಿಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲಿರಬಹುದು. ಅದನ್ನು ಬರೆದವರು ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್. ಸೋದರನ ಕಲಿಕೆಗಾಗಿ ಗಣಿಯಲ್ಲಿ ದುಡಿದು ಬೆರಳು ಜಜ್ಜಿಕೊಂಡವನ ಕೈಗಳವು ಎಂಬ ಕಥೆಯನ್ನು ಪ್ರಬೋಧನೆಗಳಲ್ಲೂ ಕೇಳಿರುತ್ತೀರಿ. ಕಥೆ ಮನಮುಟ್ಟುತ್ತದೆ, ಆದರೆ ನಿಜವಲ್ಲ.

ನಿಜ ಸಂಗತಿ ಹೀಗಿದೆ. ಡ್ಯೂರರ್ 1471ರ ಮೇ 21ರಂದು ನ್ಯೂರೆಂಬರ್ಗ್ ನಗರದ ಅಕ್ಕಸಾಲಿಗರ ಮನೆಯಲ್ಲಿ ಜನಿಸಿದರು. ತಾಯಿ ಬಾರ್ಬರಾ ಹೆತ್ತ 18 ಮಕ್ಕಳಲ್ಲಿ ದೊಡ್ಡವರಾಗಿ ಉಳಿದವರು ಮೂವರೇ. ತಂದೆ ಮಗನಿಗೆ ತಮ್ಮ ಕಸುಬನ್ನೇ ಕಲಿಸಿದರು. ಹುಡುಗನ ಒಲವು ಚಿತ್ರಕಲೆಯತ್ತ ಎಂದು ತಿಳಿದಾಗ ನೊಂದುಕೊಂಡರೂ, 1486ರಲ್ಲಿ ಚಿತ್ರಗಾರರೊಬ್ಬರ ಬಳಿ ಕಲಿಯಲು ಬಿಟ್ಟರು. ಆ ಮನೆಯ ನಿಜವಾದ ತ್ಯಾಗ ಇದು. ಸಾಗರದ ಗುಡಿಗಾರರ ಮನೆಗಳನ್ನು ಬಲ್ಲವರಿಗೆ, ಕುಲಕಸುಬನ್ನು ಮಗ ಬಿಡುವುದೆಂದರೇನು ಎಂದು ಹೇಳಬೇಕಿಲ್ಲ.

ಫ್ರಾಂಕ್‌ಫರ್ಟಿನ ಡೊಮಿನಿಕನ್ ದೇವಾಲಯಕ್ಕಾಗಿ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಪೀಠಚಿತ್ರ ಬರೆಯುವಾಗ, ಪ್ರೇಷಿತರೊಬ್ಬರ ಕೈಗಳಿಗೆಂದು 1508ರಲ್ಲಿ ಮಾಡಿದ ಅಭ್ಯಾಸವೇ ಈ ಚಿತ್ರ. ಪೀಠಚಿತ್ರದ ಮುಖ್ಯ ಭಾಗ 1729ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಭ್ಯಾಸದ ಹಾಳೆ ವಿಯೆನ್ನಾದಲ್ಲಿ ಇಂದಿಗೂ ಉಳಿದಿದೆ.

ಪತಿ ತೀರಿಕೊಂಡ ಮೇಲೆ ಆಸರೆಯಿಲ್ಲದ ತಾಯಿಯನ್ನು ಡ್ಯೂರರ್ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. 1514ರಲ್ಲಿ, ಆಕೆ ಸಾಯುವ ಎರಡು ತಿಂಗಳ ಮುಂಚೆ, ಆ ಬತ್ತಿದ ಮುಖವನ್ನು ಇದ್ದಿಲಿನಲ್ಲಿ ಬರೆದರು. ಅದೇ ವರ್ಷ ಕೆತ್ತಿದ ಪ್ರಸಿದ್ಧ ಚಿತ್ರದಲ್ಲಿ ರೆಕ್ಕೆಯುಳ್ಳ ವ್ಯಕ್ತಿಯೊಬ್ಬರು ಚಿಂತೆಯಲ್ಲಿ ಕುಳಿತಿದ್ದಾರೆ. ಎದುರಿಗೆ ಹಲವು ಮುಖಗಳ ದೊಡ್ಡ ಕಲ್ಲೊಂದಿದೆ.

ಅಂಥ ಘನಾಕೃತಿಗಳನ್ನು ಕಾಗದದಲ್ಲಿ ಮಾಡುವ ಬಗೆಯನ್ನು ಅವರು 1525ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಪಂಡಿತರ ಲತೀನ್ ಬಿಟ್ಟು, ಕಸುಬು ಕಲಿಯುವ ಹುಡುಗರಿಗೂ ತಿಳಿಯಲೆಂದು ಜರ್ಮನ್ ಭಾಷೆಯಲ್ಲಿ ಬರೆದರು. ಎಲ್ಲ ಮುಖಗಳನ್ನೂ ಒಂದಕ್ಕೊಂದು ಅಂಟಿದಂತೆ ಒಂದೇ ಹಾಳೆಯಲ್ಲಿ ಬರೆದು, ಅಂಚು ಕತ್ತರಿಸಿ, ಗೆರೆಗಳಲ್ಲಿ ಮಡಚಿದರೆ ಆಕೃತಿ ಎದ್ದು ನಿಲ್ಲುತ್ತದೆ: 4 ತ್ರಿಕೋನಗಳದ್ದು, 6 ಚೌಕಗಳದ್ದು, 12 ಪಂಚಕೋನಗಳದ್ದು, 20 ತ್ರಿಕೋನಗಳದ್ದು. ಅಡಿಕೆ ಹಾಳೆ ಮಡಚಿ ದೊನ್ನೆ, ಟೊಪ್ಪಿ ಮಾಡುವ ಹೊಸನಗರ, ತೀರ್ಥಹಳ್ಳಿಯ ಕೈಗಳಿಗೆ ಇದು ಹೊಸತಲ್ಲ.

1528ರ ಏಪ್ರಿಲ್ 6, ಪವಿತ್ರ ವಾರದ ಸೋಮವಾರ, ಡ್ಯೂರರ್ ನಿಧನರಾದರು.

ಕ್ರಿಸ್ಮಸ್ ನಕ್ಷತ್ರ ಕಟ್ಟುವಾಗ ಮಕ್ಕಳೊಡನೆ ಕಾಗದದ ಪೆಟ್ಟಿಗೆಯೊಂದನ್ನೂ ಮಾಡಿ ನೋಡಿ. ಸಾಲಾಗಿ ನಾಲ್ಕು ಚೌಕ, ಮೇಲಿನಿಂದ ಎರಡನೆಯದರ ಎಡಬಲಕ್ಕೆ ಒಂದೊಂದು ಬರೆಯಿರಿ. ಮಡಚುವ ಮುನ್ನ ಮೇಜಿನ ಮೇಲಿರುವುದು ಶಿಲುಬೆ. ಮಕ್ಕಳೇ ಅದನ್ನು ಕಂಡುಕೊಳ್ಳಲಿ. ನೀವು ಮೊದಲೇ ಹೇಳಬೇಡಿ.